ತಿಗರಿ ಮತ್ತು ಪಾಟಿ: ಬೆಳಗಾವಿ–ಖಾನಾಪುರ ಪರಿಸರದಲ್ಲಿ ಮೂಲೋದ್ಯೋಗ ಶಿಕ್ಷಣ ಹಾಗೂ ಸಾಮಾಜಿಕ ಪರಿವರ್ತನೆ

ಕನ್ನಡದಲ್ಲಿ ‘ಕಲಿ’ ಎಂಬ ಧಾತುವಿಗೆ ಅಕ್ಷರದ ಹಂಗಿಲ್ಲ. ಈಜು, ನೇಯ್ಗೆ, ಹಾಡು, ಓದು ಎಲ್ಲವನ್ನೂ ನಾವು ಒಂದೇ ಕ್ರಿಯಾಪದದಿಂದ ಕಲಿಯುತ್ತೇವೆ. ಆದರೆ ‘ಕಲಿತವನು’ ಎಂದೊಡನೆ ಅರ್ಥ ಕಿರಿದಾಗುತ್ತದೆ. ಮಗ್ಗದ ಮೇಲೆ ಮೂವತ್ತು ವರುಷ ಕುಳಿತವನನ್ನು, ಆವಿಗೆಯ ಬೆಂಕಿಯನ್ನು ಹೊಗೆಯ ಬಣ್ಣದಿಂದಲೇ ಅಳೆಯಬಲ್ಲವನನ್ನು ಹಳ್ಳಿಯಲ್ಲಿ ಯಾರೂ ‘ಕಲಿತವನು’ ಎಂದು ಕರೆಯುವುದಿಲ್ಲ. ನಾಲ್ಕು ಇಯತ್ತೆ ಮುಗಿಸಿ ಪಟ್ಟಣಕ್ಕೆ ಹೋದವನನ್ನು ಕರೆಯುತ್ತಾರೆ. ಧಾತುವಿಗೂ ಅದರಿಂದ ಹುಟ್ಟಿದ ನಾಮಪದಕ್ಕೂ ನಡುವೆ ಇರುವ ಈ ಅಂತರವು ಭಾಷೆಯದಲ್ಲ, ಸಮಾಜದ್ದು. ಅಕ್ಷರ ಒಂದು ಕೇರಿಯಲ್ಲಿ, ಕಸುಬು ಇನ್ನೊಂದು ಕೇರಿಯಲ್ಲಿ ಉಳಿದುಕೊಂಡ ವ್ಯವಸ್ಥೆಯ ಗುರುತು ಅದು. ಈ ಎರಡನ್ನೂ ಒಂದೇ ಶಾಲೆಯ ಮಾಡಿನ ಕೆಳಗೆ ತರಲು ಇಪ್ಪತ್ತನೆಯ ಶತಮಾನದಲ್ಲಿ ನಡೆದ ಬಹುದೊಡ್ಡ ಪ್ರಯತ್ನವೆಂದರೆ ವಾರ್ಧಾ ಶಿಕ್ಷಣ ಯೋಜನೆ. ಕನ್ನಡದಲ್ಲಿ ಇದನ್ನು ಮೂಲಶಿಕ್ಷಣ, ಮೂಲೋದ್ಯೋಗ ಶಿಕ್ಷಣ, ಬುನಾದಿ ಶಿಕ್ಷಣ, ಜೀವನ ಶಿಕ್ಷಣ ಎಂದು ನಾನಾ ಬಗೆಯಾಗಿ ಕರೆಯಲಾಗಿದೆ. ಇದರ ಬಗ್ಗೆ ಶಿಕ್ಷಣಶಾಸ್ತ್ರಜ್ಞರು ಸಾಕಷ್ಟು ಬರೆದಿದ್ದಾರೆ. ಜಾನಪದದ ಕಡೆಯಿಂದ ನೋಡಿದವರು ವಿರಳ. ಬೆಳಗಾವಿ ಮತ್ತು ಖಾನಾಪುರದ ಪರಿಸರವನ್ನು, ಮುಖ್ಯವಾಗಿ ಅಲ್ಲಿನ ಕುಂಬಾರಿಕೆಯನ್ನು ಮುಂದಿಟ್ಟುಕೊಂಡು ಆ ಯೋಜನೆಯ ಸಾಮಾಜಿಕ ಆಶಯವನ್ನೂ ಅದು ಕವಲೊಡೆದ ಬಗೆಯನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕುಂಬಾರರ ಮನೆಯ ಪಾಠಶಾಲೆ

ಖಾನಾಪುರವು ಬೆಳಗಾವಿಗೆ ದಕ್ಷಿಣದಲ್ಲಿ, ಮಲಪ್ರಭೆಯ ದಂಡೆಯ ಮೇಲಿದೆ. ನದಿ ಹುಟ್ಟುವ ಕಣಕುಂಬಿ ಇದೇ ತಾಲೂಕಿನದು. ಕದಂಬರ ಹಲಸಿಯೂ ಇದೇ ತಾಲೂಕಿನದು. ಪಶ್ಚಿಮಕ್ಕೆ ಸಹ್ಯಾದ್ರಿಯ ಕಾಡು, ಪೂರ್ವಕ್ಕೆ ಬಯಲು. ಕಾಡಿನಿಂದ ಸೌದೆ, ಬಯಲಿನಿಂದ ಹುಲ್ಲು, ನದಿ–ಕೆರೆಗಳ ಬದಿಯಿಂದ ಜೇಡಿಮಣ್ಣು ದೊರೆಯುವ ಈ ನಡುಸೀಮೆಯಲ್ಲಿ ಮಡಕೆ ಹಾಗೂ ಹೆಂಚಿನ ಕಸುಬು ಬೇರೂರಿದ್ದು ಸಹಜವೇ ಆಗಿದೆ. ಇಲ್ಲಿನ ಕುಂಬಾರರಲ್ಲಿ ಕನ್ನಡ ನುಡಿಯುವವರೂ ಮರಾಠಿ ನುಡಿಯುವವರೂ ಇದ್ದಾರೆ. ಕನ್ನಡದ ಗಡಿಗೆ ಮರಾಠಿಯ ಗಡಗೆ, ಕನ್ನಡದ ಪಣತಿ ಮರಾಠಿಯ ಪಣತೀ, ನಮ್ಮ ರಂಜಣಿಗೆ ಅವರ ರಾಂಜಣ. ಗಡಿಯ ಕುರಿತು ನಡೆದ ವಾದಗಳೆಲ್ಲ ಒಂದು ಕಡೆಗಿರಲಿ, ಮಣ್ಣಿನ ಪಾತ್ರೆಗಳು ಬಹಳ ಹಿಂದೆಯೇ ದುಭಾಷಿಗಳಾಗಿದ್ದವು ಎಂಬುದನ್ನು ಇಲ್ಲಿ ಗಮನಿಸಬಹುದು.

ಕುಂಬಾರರ ಮನೆಯಲ್ಲಿ ಕಲಿಕೆಗೆ ಗಂಟೆಯಿಲ್ಲ, ಪಠ್ಯವಿಲ್ಲ; ಕ್ರಮ ಮಾತ್ರ ಇದೆ. ಮೊದಲು ಮಣ್ಣಿನ ಆಯ್ಕೆ. ಕಲ್ಲು–ಬೇರು ತೆಗೆದು ನೆನೆಯಿಟ್ಟು, ಮರಳನ್ನೋ ಬೂದಿಯನ್ನೋ ಲದ್ದಿಯನ್ನೋ ಹದವಾಗಿ ಬೆರೆಸಿ ಕಾಲಿನಿಂದ ತುಳಿಯುತ್ತಾರೆ. ಮಗುವಿನ ಮೊದಲ ಪಾಠ ಬಹುಮಟ್ಟಿಗೆ ಈ ತುಳಿತವೇ. ಮಣ್ಣಿನಲ್ಲಿ ಉಳಿದ ಹರಳು ಅಂಗಾಲಿಗೆ ತಾಕಬೇಕು, ತಾಕಿದ್ದು ತಿಳಿಯಬೇಕು. ಆಮೇಲೆ ಹದಮಾಡಿದ ಮುದ್ದೆಯನ್ನು ತಿಗರಿಯ ನಡುವಿಗೆ ಕೂಡಿಸುವುದು. ತಿಗರಿಯಿಂದ ದಾರದಲ್ಲಿ ಕೊಯ್ದಿಳಿಸಿದ ಗಡಿಗೆ ಇನ್ನೂ ಗಡಿಗೆಯಾಗಿರುವುದಿಲ್ಲ. ಅರೆ ಆರಿದ ಮೇಲೆ ಒಳಗಿನಿಂದ ಗುಂಡುಗಲ್ಲು ಆನಿಸಿ, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆಯನ್ನು ಹಿಗ್ಗಿಸಿ, ತಳವನ್ನು ಮುಚ್ಚಬೇಕು. ಒಳಗೈ ಕಾಣುವುದಿಲ್ಲ, ಹೊರಗೈ ಕಾಣುತ್ತದೆ. ಎರಡೂ ಒಂದೇ ತಾಳದಲ್ಲಿ ನಡೆಯದಿದ್ದರೆ ಗೋಡೆ ಹರಿಯುತ್ತದೆ. ಕೆಮ್ಮಣ್ಣಿನ ಲೇಪ, ಉಜ್ಜುಗಲ್ಲಿನ ಹೊಳಪು, ಕೊನೆಗೆ ಆವಿಗೆ. ಸುಟ್ಟ ಗಡಿಗೆಯನ್ನು ಬೆರಳಿನಿಂದ ಬಾರಿಸಿ ನಾದದಿಂದ ಪರೀಕ್ಷಿಸುತ್ತಾರೆ. ಸಂತೆಯಲ್ಲಿ ಕೊಳ್ಳುವವಳೂ ಅದನ್ನೇ ಮಾಡುತ್ತಾಳೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವು ವಿನಾಶದ ಸುಲಭತೆಗೆ ಉದಾಹರಿಸುತ್ತೇವೆ. ಅದರ ಮೊದಲರ್ಧವು ಕಲಿಕೆಯ ಅವಧಿಯ ಬಗೆಗೂ ಮಾತಾಡುತ್ತಿದೆ.

ಈ ಕಸುಬು ಊರಿನ ಆಚರಣಾ ಲೋಕದೊಳಗೆ ಹೆಣೆದುಕೊಂಡಿತ್ತು. ಕುಂಬಾರನು ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಅವನಿಗೆ ಕಾಳಿನ ಪಾಲು. ಮದುವೆಯ ಐರಾಣಿ ಗಡಿಗೆಗಳು ಅವನ ಮನೆಯಿಂದ ವಾದ್ಯಸಮೇತ ಬರಬೇಕು. ಭಾದ್ರಪದದಲ್ಲಿ ಜೋಕುಮಾರನ ಮಣ್ಣಿನ ಮೂರ್ತಿ ರೂಪುಗೊಳ್ಳುವುದು ಅವನ ಕೈಯಲ್ಲಿ. ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತಿರುಗಿಸುವವರು ಬೇರೆ ಸಮುದಾಯದ ಹೆಣ್ಣುಮಕ್ಕಳು. ಶರಣರ ಸಾಲಿನಲ್ಲಿ ಕುಂಬಾರ ಗುಂಡಯ್ಯನ ಹೆಸರಿದೆ. ಇಷ್ಟೆಲ್ಲ ಗೌರವವಿದ್ದರೂ ಅದು ಸಂದರ್ಭಕ್ಕೆ ಸಂದ ಗೌರವ. ಐರಾಣಿಯ ದಿನ ಪೂಜೆಗೊಂಡ ಕುಂಬಾರ ಮರುದಿನ ಅಂಗಳದಾಚೆ ನಿಂತು ಕಾಳು ಬೇಡಬೇಕಿತ್ತು. ಜಾನಪದ ಅಧ್ಯಯನಗಳು ಮೊದಲಿನ ಚಿತ್ರವನ್ನು ಬಹಳ ಪ್ರೀತಿಯಿಂದ ಬರೆದಿವೆ, ಎರಡನೆಯದನ್ನು ಅಷ್ಟು ಬರೆದಿಲ್ಲ.

ಇನ್ನೂ ಎರಡು ಬೇಲಿಗಳನ್ನು ಗಮನಿಸಬೇಕು. ಒಂದು, ಜಾತಿಯದು. ಕುಂಬಾರನ ಮಗನಿಗೆ ತಿಗರಿ ಒಲಿಯುತ್ತಿತ್ತು, ಪಾಟಿ ಒಲಿಯುತ್ತಿರಲಿಲ್ಲ. ಕುಲಕರ್ಣಿಯ ಮಗನಿಗೆ ಪಾಟಿ ದಕ್ಕುತ್ತಿತ್ತು, ಮಣ್ಣು ಮುಟ್ಟುವುದು ಹೀನವೆನಿಸುತ್ತಿತ್ತು. ಎರಡು, ಲಿಂಗದ್ದು. ಮಣ್ಣು ತರುವುದು, ಹದಮಾಡುವುದು, ತಟ್ಟುವುದು, ಬಣ್ಣ ಬಳಿಯುವುದು, ಸಂತೆಗೆ ಒಯ್ಯುವುದು ಎಲ್ಲದರಲ್ಲಿಯೂ ಹೆಣ್ಣು ದುಡಿಯುತ್ತಾಳೆ. ತಿಗರಿ ತಿರುಗಿಸುವುದು ಮಾತ್ರ ಅವಳಿಗೆ ನಿಷಿದ್ಧ. ಭಾರತದ ಅನೇಕ ಕುಂಬಾರ ಸಮುದಾಯಗಳಲ್ಲಿ ಈ ನಿಷೇಧ ಕಂಡುಬರುತ್ತದೆ. ಪಾರಂಪರಿಕ ಜ್ಞಾನವೆಂದು ನಾವು ಕೊಂಡಾಡುವ ಸಂಗತಿಯೊಳಗೆ ಈ ಎರಡು ಬೀಗಗಳೂ ಇದ್ದವು.

ಇದಕ್ಕೆ ಒಂದು ಸುಂದರವಾದ ಅಪವಾದವೂ ಉಂಟು: ಮಣ್ಣೆತ್ತಿನ ಅಮಾವಾಸ್ಯೆ. ಮುಂಗಾರಿನ ಆರಂಭದಲ್ಲಿ ಉತ್ತರ ಕರ್ನಾಟಕದ ಮಕ್ಕಳು ಜಾತಿಯ ಪರಿವೆಯಿಲ್ಲದೆ ಕೆರೆಯ ಮಣ್ಣು ತಂದು ಎತ್ತು, ಗ್ವಾದಲಿ ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ. ಎಲ್ಲರ ಮಕ್ಕಳೂ ಮಣ್ಣು ಮುಟ್ಟಬಹುದಾದ ದಿನಗಳು ವರ್ಷದಲ್ಲಿ ಬೆರಳೆಣಿಕೆಯಷ್ಟು. ಈ ಬೆರಳೆಣಿಕೆಯನ್ನು ಇಡೀ ಶಾಲಾ ವರ್ಷವನ್ನಾಗಿ ಹಿಗ್ಗಿಸಿದ್ದೇ ಮೂಲೋದ್ಯೋಗ ಶಿಕ್ಷಣ ಎಂದರೆ ಆ ಯೋಜನೆಯ ಸಾರವನ್ನು ಸಾಕಷ್ಟು ಹೇಳಿದಂತಾಗುತ್ತದೆ.

ಬೆಳಗಾವಿ, ಹುದಲಿ, ವಾರ್ಧಾ

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವೆಂಬುದು ಸುಪರಿಚಿತ. ನಮ್ಮ ಚರ್ಚೆಗೆ ಮುಖ್ಯವಾದದ್ದು ಅಲ್ಲಿ ಅಂಗೀಕೃತವಾದ ನೂಲಿನ ನಿಯಮ. ತಿಂಗಳಿಗೆ 2000 ಗಜ ನೂಲನ್ನು ಕಾಂಗ್ರೆಸ್ ಸದಸ್ಯತ್ವದ ಚಂದಾ ಎಂದು ಅಲ್ಲಿ ಒಪ್ಪಲಾಯಿತು. ಈ ನಿಯಮ ಒಂದು ವರ್ಷವೂ ಬಾಳಲಿಲ್ಲ. ಆದರೆ ವಕೀಲನೂ ಜಮೀನುದಾರನೂ ತನ್ನ ಕೈಯಿಂದ ಏನನ್ನಾದರೂ ಮಾಡಿಕೊಟ್ಟರೆ ಮಾತ್ರ ಸಾರ್ವಜನಿಕ ಮನುಷ್ಯ ಎಂಬ ವಿಚಾರ ಬೆಳಗಾವಿಯ ನೆಲದಲ್ಲಿ ಮೊದಲ ಬಾರಿಗೆ ನಿಯಮದ ರೂಪ ಪಡೆಯಿತು. ಅಧಿವೇಶನದ ಆತಿಥೇಯರಲ್ಲಿ ಪ್ರಮುಖರಾದ ಗಂಗಾಧರರಾವ್ ದೇಶಪಾಂಡೆಯವರು (1871–1960) ಇನಾಮದಾರಿ ಮನೆತನದವರು. ‘ಖಾದಿ ಭಗೀರಥ’ ಎಂದು ಹೆಸರಾದದ್ದು ನೂಲಿನಿಂದ.

ಅವರ ಹುದಲಿ ಗ್ರಾಮದಲ್ಲಿ 1937ರ ಏಪ್ರಿಲ್‌ನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ನಡೆಯಿತು. ಗಾಂಧೀಜಿ ಹಲವು ದಿನ ಅಲ್ಲಿಯೇ ತಂಗಿದ್ದರು. ಅದೇ ವರ್ಷ ‘ಹರಿಜನ’ ಪತ್ರಿಕೆಯಲ್ಲಿ ಅವರು ಶಿಕ್ಷಣದ ಬಗ್ಗೆ ಸರಣಿಯಾಗಿ ಬರೆದರು, ಅಕ್ಟೋಬರ್ 22, 23ರಂದು ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಸೇರಿತು, ಡಾ. ಝಾಕಿರ್ ಹುಸೇನರ ಅಧ್ಯಕ್ಷತೆಯ ಸಮಿತಿ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. 1938ರ ಫೆಬ್ರವರಿಯಲ್ಲಿ ಹರಿಪುರ ಕಾಂಗ್ರೆಸ್ ಅದನ್ನು ಅಂಗೀಕರಿಸಿತು. ಹುದಲಿಯಿಂದಲೇ ವಾರ್ಧಾ ಯೋಜನೆ ಹುಟ್ಟಿತೆಂದು ಹೇಳುವುದು ಊರಭಿಮಾನದ ಮಾತಾದೀತು. ಆದರೂ ಸಂಘದ ಅಧ್ಯಕ್ಷರಾಗಿದ್ದ ಕಿಶೋರಲಾಲ ಮಶ್ರುವಾಲಾ ಅವರು ಝಾಕಿರ್ ಹುಸೇನ್ ಸಮಿತಿಯ ಸದಸ್ಯರೂ ಆಗಿದ್ದರು. ಬೆಳಗಾವಿ ಪರಿಸರದ ಒಡನಾಟವಿದ್ದ ಕಾಕಾ ಕಾಲೇಲಕರರೂ ಅದೇ ಸಮಿತಿಯಲ್ಲಿದ್ದರು. ಹಳ್ಳಿಯೊಂದರಲ್ಲಿ ಕೂತು ಗ್ರಾಮೋದ್ಯೋಗದ ಬಗ್ಗೆ ನಡೆಸಿದ ಆಲೋಚನೆ ಆರು ತಿಂಗಳಲ್ಲಿ ಶಾಲೆಯ ಬಾಗಿಲಿಗೆ ಬಂದು ನಿಂತಿತೆಂಬಷ್ಟನ್ನು ಹೇಳಬಹುದು.

ವರದಿಯ ತಿರುಳು ಹೀಗಿದೆ. ಏಳರಿಂದ ಹದಿನಾಲ್ಕು ವರ್ಷದವರೆಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ, ಮಾಧ್ಯಮ ಮಾತೃಭಾಷೆ, ಮಗುವಿನ ಪರಿಸರದಿಂದ ಆಯ್ದ ಒಂದು ಮೂಲೋದ್ಯೋಗ ಎಲ್ಲ ಕಲಿಕೆಯ ಕೇಂದ್ರ. ದಿನದ ಐದೂವರೆ ಗಂಟೆಯಲ್ಲಿ 3 ಗಂಟೆ 20 ನಿಮಿಷ ಉದ್ಯೋಗಕ್ಕೆ, 40 ನಿಮಿಷ ಮಾತೃಭಾಷೆಗೆ, 40 ನಿಮಿಷ ಸಂಗೀತ, ಚಿತ್ರ ಹಾಗೂ ಗಣಿತಕ್ಕೆ, 30 ನಿಮಿಷ ಸಮಾಜ ಮತ್ತು ವಿಜ್ಞಾನಕ್ಕೆ. ಈ ಹಂಚಿಕೆಯನ್ನು ಕಂಡು ಅಂದಿನ ಸುಶಿಕ್ಷಿತರು ಹೌಹಾರಿದರು. ಅವರು ಗಮನಿಸದೆ ಹೋದದ್ದು ‘ಸಮನ್ವಯ’ ಎಂಬ ತತ್ತ್ವವನ್ನು. ಉದ್ಯೋಗಕ್ಕೆ ಕೊಟ್ಟ ಆ ಮೂರು ಗಂಟೆಗಳ ಒಳಗೇ ಇತರ ವಿಷಯಗಳು ಮೂಡಬೇಕೆಂಬುದು ಸಮಿತಿಯ ಎಣಿಕೆ.

ಖಾನಾಪುರದ ಗಡಿಗೆಯೊಂದನ್ನು ಎದುರಿಗಿಟ್ಟು ಇದನ್ನು ಅರ್ಥಮಾಡಿಕೊಳ್ಳಬಹುದು. ಹಸಿ ಮಣ್ಣಿನ ಗಡಿಗೆ ಆರಿ ಸುಟ್ಟಾಗ ಸುಮಾರು ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ. ಸೇರು ಹಿಡಿಯುವ ಗಡಿಗೆ ಬೇಕಾದರೆ ಹಸಿಯಲ್ಲಿ ಎಷ್ಟು ದೊಡ್ಡದು ಮಾಡಬೇಕು? ಇದು ಭಿನ್ನರಾಶಿ. ಅಗಲ ಹತ್ತರಲ್ಲಿ ಒಂದು ಪಾಲು ಕುಗ್ಗಿದರೆ ಹಿಡಿಯುವ ನೀರು ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚೇ ತಗ್ಗುತ್ತದೆ, ಇದು ಘನಫಲ. ನೀರು ಏಕೆ ತಣ್ಣಗಾಗುತ್ತದೆಂಬುದು ಆವಿಯಾಗುವಿಕೆಯ ಪಾಠ. ಗಾಳಿಯಾಡಿದ ಆವಿಗೆಯಲ್ಲಿ ಕೆಂಪಾಗುವ ಮಣ್ಣು ಹೊಗೆ ಕಟ್ಟಿದಾಗ ಏಕೆ ಕಪ್ಪಾಗುತ್ತದೆಂಬುದು ರಸಾಯನಶಾಸ್ತ್ರ. ಹಲಸಿಯ ಸುತ್ತ ನೆಲ ಅಗೆದಾಗ ದೊರೆಯುವ ಬೋಕಿಯಿಂದ ಇತಿಹಾಸ ಆರಂಭವಾಗಬಹುದು. ಐರಾಣಿಯ ಹಾಡಿನಿಂದ ಸಾಹಿತ್ಯ. ಮಣ್ಣು ಯಾರ ಹೊಲದ್ದು, ಅದಕ್ಕೆ ಕುಂಬಾರ ಏನು ತೆರುತ್ತಾನೆ ಎಂದು ಕೇಳಿದೊಡನೆ ಸಮಾಜಶಾಸ್ತ್ರ ತರಗತಿಯೊಳಕ್ಕೆ ಬಂದು ಕೂರುತ್ತದೆ. ಈ ಕೊನೆಯ ಪ್ರಶ್ನೆಯನ್ನು ಕೇಳುವ ಧೈರ್ಯ ಎಷ್ಟು ಶಾಲೆಗಳಿಗಿತ್ತು ಎಂಬುದು ಬೇರೆ ಮಾತು.

ಕಸುಬು ಯಾರದು?

ಕಸುಬಿನ ಮೂಲಕ ಶಿಕ್ಷಣವೆಂಬುದು ತನ್ನಷ್ಟಕ್ಕೆ ತಾನೇ ಪ್ರಗತಿಪರವೂ ಅಲ್ಲ, ಪ್ರತಿಗಾಮಿಯೂ ಅಲ್ಲ. ಯಾರ ಕಸುಬನ್ನು ಯಾರ ಮಕ್ಕಳು ಕಲಿಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕನ್ನಡ ನಾಡಿನೊಳಗೆ ಇದಕ್ಕೆ ಹತ್ತೊಂಬತ್ತನೆಯ ಶತಮಾನದ ನಿದರ್ಶನವೊಂದಿದೆ. ಬಾಸೆಲ್ ಮಿಶನ್ ಕರಾವಳಿಯಲ್ಲಿ ನೇಯ್ಗೆ, ಮುದ್ರಣ, ಹೆಂಚಿನ ಉದ್ಯಮಗಳನ್ನು ತೆರೆದದ್ದು ಮತಾಂತರದಿಂದ ಕುಲಕಸುಬನ್ನೂ ಆಶ್ರಯವನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ತೋರಿಸಲಿಕ್ಕಾಗಿ. 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಮುಟ್ಟಿದವರು ಹುಟ್ಟಿನಿಂದ ಕುಂಬಾರರಾಗಿರಲಿಲ್ಲ. ಅಲ್ಲಿ ಕಸುಬು ಜಾತಿಯಿಂದ ಕಳಚಿಕೊಂಡಿತು. ಆದರೆ ಕಾರ್ಖಾನೆಯ ದುಡಿಮೆಯಾಗಿ ಮಾರ್ಪಟ್ಟಿತು.

ಇದಕ್ಕೆ ತದ್ವಿರುದ್ಧವಾದದ್ದು 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರು ಜಾರಿಗೆ ತಂದ ಪ್ರಾಥಮಿಕ ಶಿಕ್ಷಣ ಯೋಜನೆ. ಮಗು ಅರ್ಧ ದಿನ ಶಾಲೆಯಲ್ಲಿರಬೇಕು, ಉಳಿದರ್ಧ ದಿನ ತಂದೆತಾಯಿಯ ಕಸುಬಿನಲ್ಲಿ ತೊಡಗಬೇಕೆಂಬುದು ಅದರ ಸ್ವರೂಪ. ಪೆರಿಯಾರ್ ಮತ್ತಿತರರು ಅದನ್ನು ‘ಕುಲ ಕಲ್ವಿ’, ಅಂದರೆ ಕುಲಶಿಕ್ಷಣವೆಂದು ಕರೆದು ವಿರೋಧಿಸಿದರು. 1954ರಲ್ಲಿ ಅದನ್ನು ಕೈಬಿಡಲಾಯಿತು. ಕಾಸರಗೋಡು ಸೇರಿದಂತೆ ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ರಾಜ್ಯದಲ್ಲಿಯೇ ಇತ್ತು. ಮೇಲ್ನೋಟಕ್ಕೆ ವಾರ್ಧಾ ಯೋಜನೆಯೂ ರಾಜಾಜಿ ಯೋಜನೆಯೂ ಒಡಹುಟ್ಟಿದವರಂತೆ ಕಾಣುತ್ತವೆ. ಹಾಗೆ ಕಂಡೇ ಅನೇಕರು ಮೂಲೋದ್ಯೋಗ ಶಿಕ್ಷಣವನ್ನು ಜಾತಿಶಿಕ್ಷಣವೆಂದು ತಳ್ಳಿಹಾಕಿದ್ದಾರೆ. ವ್ಯತ್ಯಾಸ ಮೂಲಭೂತವಾದುದು. ಒಂದರಲ್ಲಿ ಕುಂಬಾರನ ಮಗ ಮರಳಿ ತಿಗರಿಗೆ ಹೋಗುತ್ತಾನೆ, ಕುಲಕರ್ಣಿಯ ಮಗ ಮರಳಿ ಕಡತಕ್ಕೆ ಹೋಗುತ್ತಾನೆ. ಇನ್ನೊಂದರಲ್ಲಿ ಇಬ್ಬರೂ ಒಂದೇ ಮಣ್ಣು ತುಳಿಯಬೇಕು, ಒಂದೇ ಪಾಟಿಯ ಮೇಲೆ ಬರೆಯಬೇಕು. ಮೂಲೋದ್ಯೋಗ ಶಿಕ್ಷಣದ ಸಾಮಾಜಿಕ ಶಕ್ತಿ ಇರುವುದು ಕಸುಬಿನಲ್ಲಿ ಅಲ್ಲ. ಕಸುಬನ್ನು ಕುಲದಿಂದ ಬಿಡಿಸಿ ಶಾಲೆಯ ಸಾಮಾನ್ಯ ಸ್ವತ್ತನ್ನಾಗಿ ಮಾಡಿದ್ದರಲ್ಲಿ.

ಕವಲೊಡೆದ ದಾರಿ

ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಬಿ.ಜಿ. ಖೇರರ ಸರಕಾರವು ಆಯ್ದ ಪ್ರದೇಶಗಳಲ್ಲಿ ಮೂಲೋದ್ಯೋಗ ಶಾಲೆಗಳನ್ನು ತೆರೆದಾಗ ಕನ್ನಡ ಭಾಗದಲ್ಲಿ ಧಾರವಾಡ ಅದರ ಕೇಂದ್ರವಾಯಿತು. 1939ರಲ್ಲಿ ಸರಕಾರ ರಾಜೀನಾಮೆ ಕೊಟ್ಟದ್ದರಿಂದ ಕುಂಟಿದ ಕೆಲಸ ಸ್ವಾತಂತ್ರ್ಯದ ಹೊತ್ತಿಗೆ ಮತ್ತೆ ಚೇತರಿಸಿಕೊಂಡಿತು. ಧಾರವಾಡದಿಂದ ಹೊರಡುತ್ತ ಬಂದಿರುವ ಶಿಕ್ಷಕರ ಮಾಸಪತ್ರಿಕೆಯ ‘ಜೀವನ ಶಿಕ್ಷಣ’ ಎಂಬ ಹೆಸರು ಆ ಕಾಲದ ಆಶಯವನ್ನೇ ನೆನಪಿಸುತ್ತದೆ.

ಯೋಜನೆ ಏಕೆ ನಿಲ್ಲಲಿಲ್ಲ ಎಂಬುದಕ್ಕೆ ಹಣ, ತರಬೇತಿ, ಕಚ್ಚಾವಸ್ತುಗಳ ಕೊರತೆಯನ್ನು ಸಾಮಾನ್ಯವಾಗಿ ಹೇಳಲಾಗುತ್ತದೆ. ಅವು ನಿಜ, ಆದರೆ ಸಾಲವು. ಪರಿಸರದಿಂದ ಉದ್ಯೋಗವನ್ನು ಆಯ್ಕೆಮಾಡಬೇಕೆಂಬ ಮಾತು ಕಾಗದದಲ್ಲಿ ಉಳಿದು ಬಹುತೇಕ ಕಡೆ ತಕಲಿಯೇ ಮೂಲೋದ್ಯೋಗವಾಯಿತು. ತಕಲಿ ಅಗ್ಗ, ಎಲ್ಲಿಯೂ ಸಲ್ಲುವಂಥದು. ಅದೇ ಅದರ ದೋಷ. ಜೇಡಿಮಣ್ಣಿನ ಊರಿಗೂ ಹತ್ತಿಯ ಊರಿಗೂ ಬಿದಿರಿನ ಊರಿಗೂ ಒಂದೇ ತಕಲಿ ಹಂಚಿದಾಗ ಊರಿನ ಜ್ಞಾನ ಶಾಲೆಯ ಹೊರಗೇ ನಿಂತಿತು. ಹೊರಗೆ ನಿಂತದ್ದು ಜ್ಞಾನ ಮಾತ್ರವಲ್ಲ, ಜ್ಞಾನಿಯೂ. ಶಾಲೆಗೆ ಕೂಗಳತೆಯಲ್ಲಿದ್ದ ಕುಂಬಾರನನ್ನು, ಮೇದಾರನನ್ನು, ಬಡಿಗನನ್ನು ಗುರುವೆಂದು ಒಳಗೆ ಕರೆಯಲು ಶಿಕ್ಷಣ ಇಲಾಖೆಯ ಅರ್ಹತಾ ನಿಯಮಗಳಲ್ಲಿ ಜಾಗವಿರಲಿಲ್ಲ. ಪ್ರಮಾಣಪತ್ರ ಪಡೆದ ಮಾಸ್ತರ ಕೆಲವು ವಾರಗಳಲ್ಲಿ ಕಲಿತು ಬಂದದ್ದನ್ನು ಕಲಿಸಿದ. ನೂರು ಬಗೆಯ ಮಣ್ಣು ಬಲ್ಲವನು ಕಟ್ಟೆಯ ಮೇಲೆ ಕುಳಿತು ನೋಡಿದ. ‘ಕಲಿತವನು’ ಎಂಬ ಪದದ ಅರ್ಥ ಬದಲಾಗಲಿಲ್ಲ.

ಪಾಲಕರ ಮನಸ್ಸನ್ನೂ ಅರಿಯಬೇಕು. ತಲೆಮಾರುಗಳಿಂದ ಮಣ್ಣು ಹೊತ್ತವನು ಮಗನನ್ನು ಶಾಲೆಗೆ ಕಳಿಸಿದ್ದು ಮಣ್ಣಿನಿಂದ ಬಿಡುಗಡೆಗಾಗಿ. ಅಲ್ಲಿಯೂ ಕೈಕೆಲಸವೆಂದಾಗ ಅವನಿಗೆ ಮೋಸವೆನಿಸಿದ್ದರೆ ತಪ್ಪೆನ್ನಲಾಗದು. ಅದೇ ಊರಿನ ಅನುಕೂಲಸ್ಥರ ಮಕ್ಕಳು ಪಟ್ಟಣದ ಇಂಗ್ಲಿಷ್ ಶಾಲೆಗೆ ನಡೆದಿದ್ದರು. ಎಲ್ಲರ ಮಕ್ಕಳೂ ಒಂದೇ ಮಣ್ಣು ತುಳಿಯಬೇಕೆಂಬ ಷರತ್ತು ಮುರಿದೊಡನೆ ವಾರ್ಧಾ ಶಾಲೆಯು ಬಡವರ ಶಾಲೆಯಾಯಿತು. ಬಾಲದುಡಿಮೆಯ ಆತಂಕವೂ ಇತ್ತು. ಉತ್ಪನ್ನದ ಗಳಿಕೆಗೆ ಅತಿಯಾದ ಒತ್ತು ಕೊಟ್ಟರೆ ಆಗುವ ಅಪಾಯವನ್ನು ಝಾಕಿರ್ ಹುಸೇನ್ ವರದಿಯೇ ಎಚ್ಚರಿಸಿತ್ತು. 1964–66ರ ಕೊಠಾರಿ ಆಯೋಗ ‘ಕಾರ್ಯಾನುಭವ’ ಎಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂದಿತು. ಹೆಸರು ಉದ್ದವಾದಂತೆ ವೇಳಾಪಟ್ಟಿಯಲ್ಲಿ ಅದರ ಜಾಗ ಗಿಡ್ಡವಾಯಿತು. ನಮ್ಮ ತಲೆಮಾರಿನವರಿಗೆ ಅದು ಶನಿವಾರದ ಕೊನೆಯ ತಾಸಿನಲ್ಲಿ ರಟ್ಟಿನ ಮೇಲೆ ಬಣ್ಣದ ಕಾಗದ ಅಂಟಿಸುವ ಕೆಲಸವಾಗಿಯೇ ಪರಿಚಯ.

ಇತ್ತ ಖಾನಾಪುರದಲ್ಲಿ ಬೇರೊಂದು ಕವಲು ಮೂಡಿತು. 1957ರಲ್ಲಿ ಅಸ್ತಿತ್ವಕ್ಕೆ ಬಂದ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಗೆ ನೆಲೆಯಾದದ್ದು ಈ ಊರು. ಅಲ್ಲಿ ತಿಗರಿಗೆ ಕುಲವಿಲ್ಲ. ತರಬೇತಿಗೆ ಬಂದ ಹೆಣ್ಣು ತಿಗರಿ ಮುಟ್ಟಬಹುದು. ಶತಮಾನಗಳ ನಿಷೇಧವೊಂದು ಸದ್ದುಗದ್ದಲವಿಲ್ಲದೆ ಹೀಗೆ ಸಡಿಲಗೊಂಡದ್ದನ್ನು ಸಮಾಜ ಸುಧಾರಣೆಯ ಚರಿತ್ರೆಗಳು ದಾಖಲಿಸಿಲ್ಲ. ಆಯೋಗವು 2018ರಲ್ಲಿ ಆರಂಭಿಸಿದ ಕುಂಬಾರ ಸಶಕ್ತೀಕರಣ ಯೋಜನೆಯಲ್ಲಿ ವಿದ್ಯುತ್ ತಿಗರಿಗಳನ್ನು ಹಂಚತೊಡಗಿದ ಮೇಲೆ ತೋಳ್ಬಲದ ನೆಪವೂ ಇಲ್ಲವಾಯಿತು. ಆದರೆ ಈ ಸಂಸ್ಥೆ ಶಾಲೆಯಲ್ಲ. ಕಸುಬಿನ ತರಬೇತಿ ಕೇಂದ್ರ. ಗಾಂಧೀಜಿ ಒಂದಾಗಿ ಹೊಲಿದದ್ದನ್ನು ಸ್ವತಂತ್ರ ಭಾರತದ ಆಡಳಿತ ಎರಡಾಗಿ ಕತ್ತರಿಸಿತು: ಅಕ್ಷರ ಶಿಕ್ಷಣ ಇಲಾಖೆಗೆ, ಕೈ ಗ್ರಾಮೋದ್ಯೋಗ ಆಯೋಗಕ್ಕೆ. ಮೂಲೋದ್ಯೋಗ ಶಿಕ್ಷಣ ಸೋತಿತು ಎನ್ನುವುದಕ್ಕಿಂತ ಅದನ್ನು ಪಾಲುಮಾಡಲಾಯಿತು ಎನ್ನುವುದು ಹೆಚ್ಚು ಸರಿಯೆಂದು ನನ್ನ ಅಭಿಪ್ರಾಯ.

ಈ ಪಾಲಿನ ನಕಾಶೆ ಬೆಳಗಾವಿಯ ನೆಲದ ಮೇಲೆಯೇ ಕಾಣುತ್ತದೆ. 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಈ ಭಾಗದ ರೈತಾಪಿ ಮಕ್ಕಳಿಗೆ ಅಕ್ಷರದ ಬಾಗಿಲು ತೆರೆಯಿತು. ಅದರ ವೈದ್ಯಕೀಯ ಮಹಾವಿದ್ಯಾಲಯ 1963ರಲ್ಲಿ ಆರಂಭವಾಯಿತು. ಅದು ನೆಲೆಸಿರುವ ನೆಹರು ನಗರ ಇಂದು ಉನ್ನತ ವಿದ್ಯೆಯ ಬಡಾವಣೆ. ಅಲ್ಲಿಂದ ಹೊರಟು ಖಾನಾಪುರದ ರಸ್ತೆ ಹಿಡಿದರೆ ಮಚ್ಛೆಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎದುರಾಗುತ್ತದೆ. ಮುಂದೆ ಸಾಗಿದರೆ ಖಾನಾಪುರದ ಆವಿಗೆಗಳು. ಒಂದು ತಾಸಿನೊಳಗಿನ ಪಯಣ. ಶಸ್ತ್ರವೈದ್ಯನ ಬೆರಳು, ಅಭಿಯಂತನ ನಕ್ಷೆ, ಕುಂಬಾರತಿಯ ಅಂಗೈ ಮೂರೂ ಕೈಯ ಜ್ಞಾನವೇ. ಮೊದಲೆರಡಕ್ಕೆ ಪದವಿಯುಂಟು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದು ಹೇಳಿದೆ. ಒಳ್ಳೆಯದೇ, ಮಣ್ಣೆತ್ತಿನ ಅಮಾವಾಸ್ಯೆಗಿಂತ ಒಂಬತ್ತು ದಿನ ಹೆಚ್ಚು. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ. ಕುಟುಂಬದ ಪಾರಂಪರಿಕ ಕಸುಬಿನವರಿಗೆಂಬ ಅದರ ಷರತ್ತನ್ನು ತಮಿಳುನಾಡು ಆಕ್ಷೇಪಿಸಿ, ಇದ್ದ ರೂಪದಲ್ಲಿ ಜಾರಿಗೊಳಿಸುವುದಿಲ್ಲವೆಂದು 2024ರ ನವೆಂಬರಿನಲ್ಲಿ ತಿಳಿಸಿತು. ಎಪ್ಪತ್ತು ವರ್ಷಗಳ ಹಿಂದಿನ ಕುಲಶಿಕ್ಷಣದ ವಾದ ಮತ್ತೆ ಜೀವತಳೆಯಿತು. ಯೋಜನೆ ಈಗಾಗಲೇ ಕಸುಬಿನಲ್ಲಿರುವ ವಯಸ್ಕರಿಗೆ ನೆರವೆಂಬುದು ನಿಜ. ಹೊಸಬರಿಗೆ ಕಸುಬಿನ ಬಾಗಿಲು ತೆರೆಯುವುದು ಅದರ ಉದ್ದೇಶವಲ್ಲವೆಂಬುದೂ ಅಷ್ಟೇ ನಿಜ.

ಕರ್ನಾಟಕದಲ್ಲಿ ಹಳೆಯ ಎಳೆ ಪೂರ್ತಿ ಕಡಿದಿಲ್ಲ. ಹಾವೇರಿ ಜಿಲ್ಲೆಯ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಮಕ್ಕಳು ಓದಿನ ಜೊತೆಗೆ ನೂಲುವುದನ್ನೂ ಬೇಸಾಯವನ್ನೂ ರೂಢಿಸಿಕೊಂಡು ಬಂದಿದ್ದಾರೆ. ಜಾನಪದ ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸ ಸಾಕಷ್ಟಿದೆ. ಕುಂಬಾರಿಕೆಯ ಪದಕೋಶ ಕನ್ನಡ–ಮರಾಠಿ ಎರಡರಲ್ಲಿಯೂ ಸಿದ್ಧವಾಗಬೇಕು. ಮಣ್ಣಿನ ಹದ, ಬೆಂಕಿಯ ಹದಗಳ ಬಗೆಗೆ ಹೆಂಗಸರು ಬಲ್ಲ ಸಂಗತಿಗಳು ಪ್ರತ್ಯೇಕವಾಗಿ ಸಂಗ್ರಹವಾಗಬೇಕು. ಇದುವರೆಗಿನ ನಮ್ಮ ಸಂಗ್ರಹಗಳಲ್ಲಿ ವಕ್ತೃವಾಗಿ ಕಾಣಿಸಿಕೊಂಡವನು ಬಹುಮಟ್ಟಿಗೆ ತಿಗರಿಯ ಮೇಲೆ ಕುಳಿತ ಗಂಡಸು. ಮಣ್ಣು ತುಳಿದವಳನ್ನು ನಾವು ಇನ್ನೂ ಮಾತಾಡಿಸಿಲ್ಲ.